ಬ್ಲ್ಯಾಕ್‌ಬರ್ನ್ ಕ್ಲಬ್ಬಿನ ನಷ್ಟಕ್ಕೆ ಪುಣೆಯ ದುಡ್ಡು: ಫುಟ್‌ಬಾಲ್ ಮಾಲೀಕತ್ವದ ಬಗ್ಗೆ ನಿಮ್ಮ ಪ್ರಶ್ನೆಗಳು

ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್ ರೋವರ್ಸ್ ಫುಟ್‌ಬಾಲ್ ಕ್ಲಬ್ಬಿನ ಮಾಲೀಕರು ಪುಣೆಯ ವೆಂಕೀಸ್ ಕೋಳಿ ಉದ್ಯಮದವರು ಅಂತ ಕೇಳಿದ್ದೇನೆ. ವರ್ಷಾ ವರ್ಷ ನಷ್ಟವಂತೆ. ಹಾಗಿದ್ದೂ ಕ್ಲಬ್ ಮುಚ್ಚಿಹೋಗದೆ ಹೇಗೆ ನಡೆಯುತ್ತಿದೆ? ಅವರು ಮಾರಿಬಿಡಬಾರದಾ?
— ಓದುಗರು, ಶಿವಮೊಗ್ಗ

ಕೊರತೆ ಬಿದ್ದಷ್ಟನ್ನೂ ಮಾಲೀಕರು ತಮ್ಮ ಕೈಯಿಂದ ಹಾಕುತ್ತಿದ್ದಾರೆ. ಅದಕ್ಕೇ ನಡೆಯುತ್ತಿದೆ, ಬೇರೆ ಗುಟ್ಟೇನಿಲ್ಲ.

2010ರ ನವೆಂಬರ್‌ನಲ್ಲಿ ಸುಮಾರು 2.3 ಕೋಟಿ ಪೌಂಡ್ ಕೊಟ್ಟು ಅವರು ಈ ಕ್ಲಬ್ ಕೊಂಡರು. ಆಮೇಲೆ ಸುರಿದದ್ದು 20 ಕೋಟಿ ಪೌಂಡಿಗೂ ಜಾಸ್ತಿ. ಕೊಂಡ ಬೆಲೆಗಿಂತ ಸಾಕಿದ ಖರ್ಚು ಎಷ್ಟೋ ಪಾಲು ಹೆಚ್ಚಾಯಿತು. ಕೊಂಡಾಗ ರೋವರ್ಸ್ ಅಲ್ಲಿನ ಮೊದಲ ದರ್ಜೆಯಾದ ಪ್ರೀಮಿಯರ್ ಲೀಗ್‌ನಲ್ಲಿತ್ತು. 1995ರಲ್ಲಿ ಅದೇ ಲೀಗ್ ಗೆದ್ದ ಕ್ಲಬ್ ಅದು. ಅದೂ ಊರಿನವರೇ ಆದ ಉಕ್ಕಿನ ವ್ಯಾಪಾರಿ ಜಾಕ್ ವಾಕರ್ ಅವರ ದುಡ್ಡಿನಿಂದ. ಅಂದರೆ ಒಬ್ಬ ಶ್ರೀಮಂತರ ಕೈ ನೋಡಿಕೊಂಡು ಬದುಕುವ ರೂಢಿ ಆ ಕ್ಲಬ್ಬಿಗೆ ಹೊಸದಲ್ಲ.

ಹೊಸ ಮಾಲೀಕರು ಬಂದ ಮರು ತಿಂಗಳೇ ಅನುಭವಿ ಮ್ಯಾನೇಜರ್ ಸ್ಯಾಮ್ ಅಲ್ಲರ್ಡೈಸ್ ಅವರನ್ನು ತೆಗೆದುಹಾಕಿದರು. ಒಂದೂವರೆ ವರ್ಷದಲ್ಲಿ ತಂಡ ಪ್ರೀಮಿಯರ್ ಲೀಗ್‌ನಿಂದ ಕೆಳಗಿಳಿಯಿತು. 2012ರ ಮೇ 7ರಂದು ತವರಿನ ಇವುಡ್ ಪಾರ್ಕ್‌ನಲ್ಲಿ ವಿಗನ್ ಎದುರು 0–1ರಿಂದ ಸೋತ ಆ ಪಂದ್ಯದಲ್ಲಿ, ಸಿಟ್ಟಿಗೆದ್ದ ಅಭಿಮಾನಿಗಳು ಕ್ಲಬ್ಬಿನ ಬಾವುಟ ಹೊದಿಸಿದ ಕೋಳಿಯೊಂದನ್ನು ಮೈದಾನಕ್ಕೆ ಬಿಟ್ಟಿದ್ದರು. 2017ರಲ್ಲಿ ತಂಡ ಇನ್ನೂ ಒಂದು ಮೆಟ್ಟಿಲು ಇಳಿದು ಮೂರನೇ ದರ್ಜೆಗೆ ಹೋಯಿತು. ಮರು ವರ್ಷವೇ ಎರಡನೇ ದರ್ಜೆಯಾದ ಚಾಂಪಿಯನ್‌ಶಿಪ್‌ಗೆ ವಾಪಸ್ ಬಂತು.

ಈಗ ನಷ್ಟದ ಲೆಕ್ಕ ನೋಡೋಣ. ಚಾಂಪಿಯನ್‌ಶಿಪ್‌ನಲ್ಲಿ ರೋವರ್ಸ್‌ನಂಥ ಕ್ಲಬ್ಬಿನ ವರ್ಷದ ಆದಾಯ 2 ಕೋಟಿ ಪೌಂಡಿನ ಆಸುಪಾಸು. ಟಿಕೆಟ್, ಟಿವಿ ಹಣ, ಅಂಗಿ ಮೇಲಿನ ಜಾಹೀರಾತು ಎಲ್ಲ ಸೇರಿ ಅಷ್ಟು. ಆಟಗಾರರ, ಸಿಬ್ಬಂದಿಯ ಸಂಬಳವೇ ಅದನ್ನು ಮೀರುತ್ತದೆ. ಇದು ಇವರೊಬ್ಬರ ಕಥೆಯಲ್ಲ. ಆ ದರ್ಜೆಯ ಎಷ್ಟೋ ಕ್ಲಬ್‌ಗಳು 100 ಪೌಂಡ್ ದುಡಿದು ಸಂಬಳಕ್ಕೇ 100ಕ್ಕಿಂತ ಜಾಸ್ತಿ ಕೊಡುತ್ತವೆ. ಹಾಸಿಗೆ ಇದ್ದಷ್ಟು ಕಾಲು ಚಾಚುವ ಮಾತು ಅಲ್ಲಿ ನಡೆಯುವುದೇ ಇಲ್ಲ. ಕಾರಣ ಮೇಲಿನ ಮೆಟ್ಟಿಲು. ಪ್ರೀಮಿಯರ್ ಲೀಗ್‌ನಲ್ಲಿ ಕಟ್ಟಕಡೆಯ ಸ್ಥಾನ ಪಡೆದ ತಂಡಕ್ಕೂ ಒಂದು ಸೀಸನ್ನಿಗೆ 10 ಕೋಟಿ ಪೌಂಡಿಗೂ ಜಾಸ್ತಿ ಬರುತ್ತದೆ. ಅಲ್ಲಿಂದ ಕೆಳಗಿಳಿದವರಿಗೆ ಮೂರು ವರ್ಷದವರೆಗೆ ಪರಿಹಾರದ ಹಣ ಬೇರೆ. ಆ ಹಣ ಇಲ್ಲದ ಕ್ಲಬ್ ಅವರ ಜೊತೆ ಪೈಪೋಟಿ ಮಾಡಬೇಕು ಅಂದರೆ ಮಾಲೀಕರ ಜೇಬಿಗೇ ಕೈ ಹಾಕಬೇಕು.

ಅಲ್ಲೇ ತೊಡಕು. 2023ರಲ್ಲಿ ಪುಣೆಯಿಂದ ದುಡ್ಡು ಹೋಗುವ ದಾರಿಯೇ ಇಕ್ಕಟ್ಟಾಯಿತು. ವಿದೇಶಕ್ಕೆ ಕಳಿಸಿದ ಹಣದ ಬಗ್ಗೆ ಜಾರಿ ನಿರ್ದೇಶನಾಲಯದ ತನಿಖೆ ನಡೆಯುತ್ತಿತ್ತು. ಹಾಗಾಗಿ ಕ್ಲಬ್ಬಿಗೆ ಹಣ ಕಳಿಸಲು ದೆಹಲಿ ಹೈಕೋರ್ಟಿನ ಅನುಮತಿ ಬೇಕಾಯಿತು. ಕಳಿಸುವಷ್ಟೇ ಮೊತ್ತಕ್ಕೆ ಇಲ್ಲಿ ಬ್ಯಾಂಕ್ ಗ್ಯಾರಂಟಿಯನ್ನೂ ಕೊಡಬೇಕಾಯಿತು. ಅದೇ ಹೊತ್ತಿಗೆ ಕ್ಲಬ್ ಆಟಗಾರರನ್ನು ಮಾರುತ್ತಾ ಬಂತು. ಬ್ಲ್ಯಾಕ್‌ಬರ್ನ್‌ನಲ್ಲೇ ಹುಟ್ಟಿ, ಕ್ಲಬ್ಬಿನ ಅಕಾಡೆಮಿಯಲ್ಲೇ ಬೆಳೆದ ಆ್ಯಡಮ್ ವಾರ್ಟನ್ 2024ರ ಫೆಬ್ರವರಿಯಲ್ಲಿ ಸುಮಾರು 1.8 ಕೋಟಿ ಪೌಂಡಿಗೆ ಕ್ರಿಸ್ಟಲ್ ಪ್ಯಾಲೆಸ್‌ಗೆ ಹೋದರು. ಆ ಸೀಸನ್‌ನಲ್ಲಿ 27 ಲೀಗ್ ಗೋಲು ಹೊಡೆದ ಸ್ಯಾಮಿ ಸ್ಮೋಡಿಕ್ಸ್ ಆಗಸ್ಟ್‌ನಲ್ಲಿ ಇಪ್ಸ್‌ವಿಚ್‌ಗೆ ಹೋದರು. ಅದೇ ಸ್ಮೋಡಿಕ್ಸ್ ಆ ಸೀಸನ್ನಿನ ಕೊನೆಯ ದಿನ ಲೆಸ್ಟರ್ ಮೇಲೆ ಎರಡು ಗೋಲು ಹೊಡೆದು ತಂಡವನ್ನು ದರ್ಜೆಯಲ್ಲಿ ಉಳಿಸಿದ್ದರು ಅನ್ನುವುದನ್ನು ಮರೆಯಬೇಡಿ. ಪುಣೆ ಮತ್ತು ದೆಹಲಿಯ ಕಡತಗಳಿಗೂ ಲ್ಯಾಂಕಶೈರ್‌ನ ಒಂದು ಊರಿನ ಶನಿವಾರದ ಖುಷಿಗೂ ಇಷ್ಟು ನೇರ ಸಂಬಂಧ ಇರುವುದು ನನಗೆ ಸಂಕಟದ ವಿಷಯ. ಆ ಊರಿನವರು ಈ ಮಾಲೀಕರನ್ನು ಆರಿಸಿಕೊಂಡವರಲ್ಲ.

ಮಾರಬಾರದಾ ಅಂದಿರಿ. ನನ್ನ ಅಂದಾಜು ಇದು: ಹಾಕಿದ್ದರಲ್ಲಿ ದೊಡ್ಡ ಪಾಲನ್ನಾದರೂ ವಾಪಸ್ ಕೊಡುವ ಗಿರಾಕಿ ಸಿಗುವುದು ತಂಡ ಪ್ರೀಮಿಯರ್ ಲೀಗ್ ಮುಟ್ಟಿದರೆ ಮಾತ್ರ. ಅಲ್ಲಿಯವರೆಗೆ ಮಾರಿದರೆ ನಷ್ಟ ಗಂಟುಬಿದ್ದಂತೆ, ಇಟ್ಟುಕೊಂಡರೆ ಪ್ರತಿ ವರ್ಷ ಮತ್ತಷ್ಟು ಖರ್ಚು. ಬಾಕಿ ಉಳಿಸದೆ ದುಡ್ಡು ಕೊಟ್ಟಿದ್ದಕ್ಕೆ ಅವರನ್ನು ಮೆಚ್ಚಲೇಬೇಕು. ಆದರೆ ಕ್ಲಬ್ ಯಾವ ಕಡೆಗೆ ಹೋಗುತ್ತಿದೆ ಅಂತ ಅಭಿಮಾನಿಗಳಿಗೆ ಹೇಳದೆ ದೂರವೇ ಉಳಿದದ್ದು ದೊಡ್ಡ ತಪ್ಪು ಅಂತಲೇ ನಾನು ಹೇಳುತ್ತೇನೆ.

ಒಂದು ವಿಷಯ ಸ್ಪಷ್ಟವಾಗಲಿ. ನಮ್ಮ ಷೇರುಪೇಟೆಯಲ್ಲಿ ಸಿಗುವ ವೆಂಕೀಸ್ (ಇಂಡಿಯಾ) ಷೇರು ಕೊಂಡರೆ ನೀವು ರೋವರ್ಸ್‌ಗೆ ಪಾಲುದಾರರಾಗುವುದಿಲ್ಲ. ಕ್ಲಬ್ ಇರುವುದು ಅದೇ ಕುಟುಂಬದ ವೆಂಕೀಸ್ ಲಂಡನ್ ಅನ್ನುವ ಬೇರೆ ಕಂಪನಿಯ ಕೈಯಲ್ಲಿ.

ಮಾಲೀಕರು ಹಾಕುವ ದುಡ್ಡು ಸಾಲವೋ ಬಂಡವಾಳವೋ? ಎರಡರಲ್ಲಿ ವ್ಯತ್ಯಾಸ ಏನು ಬಂತು?
— ಓದುಗರು, ಮಂಗಳೂರು

ಒಳ್ಳೆಯ ಪ್ರಶ್ನೆ. ಬಹಳ ವ್ಯತ್ಯಾಸ ಇದೆ. ಬಂಡವಾಳ ಅಂದರೆ ದುಡ್ಡಿಗೆ ಬದಲಾಗಿ ಷೇರು, ಅದನ್ನು ಕ್ಲಬ್ ತೀರಿಸಬೇಕಿಲ್ಲ. ಸಾಲ ಅಂದರೆ ಬಡ್ಡಿ ಇಲ್ಲದಿದ್ದರೂ ಅದು ಕ್ಲಬ್ಬಿನ ತಲೆ ಮೇಲೇ ಇರುತ್ತದೆ. ನಾಳೆ ಮಾಲೀಕರು ಮನಸ್ಸು ಬದಲಿಸಿದರೆ ಕೇಳಬಹುದು. ಪ್ರೀಮಿಯರ್ ಲೀಗ್‌ನ ಕೆಳಗಿನ ದರ್ಜೆಗಳನ್ನು ನಡೆಸುವ ಇಂಗ್ಲಿಷ್ ಫುಟ್‌ಬಾಲ್ ಲೀಗ್ ಕೂಡ ಇವೆರಡನ್ನು ಬೇರೆ ಬೇರೆಯಾಗಿಯೇ ನೋಡಿದೆ. ಅದರ ಲಾಭ-ನಷ್ಟದ ನಿಯಮದ ಪ್ರಕಾರ ಚಾಂಪಿಯನ್‌ಶಿಪ್ ಕ್ಲಬ್ ಮೂರು ವರ್ಷದಲ್ಲಿ ಒಟ್ಟು 1.5 ಕೋಟಿ ಪೌಂಡ್ ನಷ್ಟ ಮಾಡಬಹುದಿತ್ತು. ಮಾಲೀಕರು ಷೇರಿನ ರೂಪದಲ್ಲಿ ತುಂಬಿಕೊಟ್ಟರೆ ಮಿತಿ 3.9 ಕೋಟಿವರೆಗೆ ಏರುತ್ತಿತ್ತು. ಅಕಾಡೆಮಿ, ಮಹಿಳಾ ತಂಡದ ಖರ್ಚು ಈ ಲೆಕ್ಕಕ್ಕೆ ಸೇರುತ್ತಿರಲಿಲ್ಲ.

ಮಾಲೀಕರೇ ದುಡ್ಡು ಹಾಕುವುದಕ್ಕೆ ತದ್ವಿರುದ್ಧ ಉದಾಹರಣೆ ಮ್ಯಾಂಚೆಸ್ಟರ್ ಯುನೈಟೆಡ್. 2005ರಲ್ಲಿ ಅಮೆರಿಕದ ಗ್ಲೇಝರ್ ಕುಟುಂಬ ಸುಮಾರು 79 ಕೋಟಿ ಪೌಂಡಿಗೆ ಅದನ್ನು ಕೊಂಡಿತು. ಅದರಲ್ಲಿ ಬಹುಪಾಲು ಸಾಲದ ದುಡ್ಡು. ಸಾಲದ ದೊಡ್ಡ ಭಾಗವನ್ನು ಹೊರಿಸಿದ್ದು ಕ್ಲಬ್ಬಿನ ಮೇಲೇ. ಅಲ್ಲಿಯವರೆಗೆ ಸಾಲದ ಹೊರೆ ಇಲ್ಲದೆ ಲಾಭ ಮಾಡುತ್ತಿದ್ದ ಕ್ಲಬ್ ಅದು. ತನ್ನನ್ನು ಕೊಳ್ಳಲು ಮಾಡಿದ ಸಾಲಕ್ಕೆ ತಾನೇ ಬಡ್ಡಿ ಕಟ್ಟುವ ಸ್ಥಿತಿಗೆ ಬಂತು. ಹಾಗೆ ಹೋದ ಹಣ ಹತ್ತಾರು ಕೋಟಿ ಪೌಂಡ್. 2024ರಲ್ಲಿ ಬ್ರಿಟನ್ನಿನ ಉದ್ಯಮಿ ಜಿಮ್ ರ್‍ಯಾಟ್‌ಕ್ಲಿಫ್ ಕಾಲುಭಾಗಕ್ಕಿಂತ ಸ್ವಲ್ಪ ಜಾಸ್ತಿ ಪಾಲು ಕೊಂಡು ಆಟದ ವ್ಯವಹಾರ ವಹಿಸಿಕೊಂಡರು. ಮೊದಲು ಮಾಡಿದ ಕೆಲಸಗಳಲ್ಲೊಂದು 250 ಕೆಲಸ ಕಡಿತ. ಬ್ಲ್ಯಾಕ್‌ಬರ್ನ್‌ನಲ್ಲಿ ಮಾಲೀಕರ ದುಡ್ಡು ಕ್ಲಬ್ಬಿಗೆ ಹರಿಯಿತು, ಯುನೈಟೆಡ್‌ನಲ್ಲಿ ಕ್ಲಬ್ಬಿನ ದುಡ್ಡು ಮಾಲೀಕರ ಸಾಲಕ್ಕೆ ಹರಿಯಿತು. ಎರಡನೆಯದನ್ನು ಕಾನೂನು ಒಪ್ಪಿತು. ನನ್ನ ಮಟ್ಟಿಗೆ ಅದು ಅನ್ಯಾಯವೇ.

ಅಭಿಮಾನಿಗಳೇ ಸೇರಿ ಕ್ಲಬ್ ಕೊಳ್ಳೋಕೆ ಆಗಲ್ವಾ?
— ಓದುಗರು, ಹುಬ್ಬಳ್ಳಿ

ಆಗುತ್ತದೆ, ಆಗಿದೆ. ಪೋರ್ಟ್ಸ್‌ಮತ್ 2008ರಲ್ಲಿ ಎಫ್‌ಎ ಕಪ್ ಗೆದ್ದು, 2010ರಲ್ಲಿ ದಿವಾಳಿ ಪ್ರಕ್ರಿಯೆಗೆ ಬಿದ್ದ ಮೊದಲ ಪ್ರೀಮಿಯರ್ ಲೀಗ್ ಕ್ಲಬ್ ಆಯಿತು. 2013ರಲ್ಲಿ ಅಭಿಮಾನಿಗಳ ಟ್ರಸ್ಟ್ ಅದನ್ನು ಕೊಂಡು ಉಳಿಸಿತು. ನಾಲ್ಕು ವರ್ಷದ ನಂತರ ಅವರೇ ಮತ ಹಾಕಿ ಡಿಸ್ನಿಯ ಮಾಜಿ ಮುಖ್ಯಸ್ಥ ಮೈಕೆಲ್ ಐಸ್ನರ್ ಅವರಿಗೆ ಮಾರಿದರು. ಉಳಿಸಲು ಅಭಿಮಾನಿಗಳ ದುಡ್ಡು ಸಾಕಾಗಿತ್ತು, ಮೇಲಿನ ದರ್ಜೆಗೆ ಏರಲು ಬೇಕಾದಷ್ಟು ಅವರ ಹತ್ತಿರ ಇರಲಿಲ್ಲ. ಜರ್ಮನಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಮತ ಸದಸ್ಯರ ಸಂಘದ ಕೈಯಲ್ಲೇ ಇರಬೇಕು ಅನ್ನುವ ನಿಯಮ ಇದೆ. ಲೆವರ್‌ಕುಸೆನ್, ವೋಲ್ಫ್ಸ್‌ಬರ್ಗ್‌ನಂಥ, ಕಾರ್ಖಾನೆಯ ನೌಕರರ ತಂಡವಾಗಿ ಹುಟ್ಟಿದ ಕ್ಲಬ್‌ಗಳಿಗೆ ವಿನಾಯಿತಿ ಸಿಕ್ಕಿತ್ತು. ನನಗೆ ಇಷ್ಟವಾದ ಏರ್ಪಾಡು ಇದೇ.

ನಮ್ಮಂಥ ಸಾಮಾನ್ಯ ಅಭಿಮಾನಿಗೆ ಕ್ಲಬ್ಬಿನ ಸ್ಥಿತಿ ಮುಂಚೆಯೇ ಗೊತ್ತಾಗೋದು ಹೇಗೆ? 2025ರಲ್ಲಿ ಬೆಂಗಳೂರು ಎಫ್‌ಸಿ ಸಂಬಳ ನಿಲ್ಲಿಸಿದ ಸುದ್ದಿ ಓದಿ ಗಾಬರಿಯಾಗಿತ್ತು.
— ಓದುಗರು, ಬೆಂಗಳೂರು

ಬಿಎಫ್‌ಸಿಯ ವಿಷಯ ಸ್ವಲ್ಪ ಬೇರೆ. ಅದರ ಮಾಲೀಕರಾದ ಜೆಎಸ್‌ಡಬ್ಲ್ಯು ದೊಡ್ಡ ಉದ್ಯಮ ಸಮೂಹ. ಆ ಆಗಸ್ಟ್‌ನಲ್ಲಿ ಮೊದಲ ತಂಡದ ಸಂಬಳ ತಡೆಹಿಡಿದದ್ದು ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ನಡೆಯುತ್ತದೋ ಇಲ್ಲವೋ ಅನ್ನುವುದೇ ಗೊತ್ತಿಲ್ಲದ ಸ್ಥಿತಿಯಲ್ಲಿ. ಪಂದ್ಯವೇ ಇಲ್ಲ ಅಂದರೆ ಟಿಕೆಟ್ ಇಲ್ಲ, ಪ್ರಾಯೋಜಕರೂ ಇಲ್ಲ. ಆಟಗಾರರ ಮನೆ ಬಾಡಿಗೆ ಮಾತ್ರ ನಿಲ್ಲುವುದಿಲ್ಲ ಅಲ್ವಾ?

ಇಂಗ್ಲೆಂಡಿನ ಕ್ಲಬ್ ಆದರೆ ಅಲ್ಲಿನ ಕಂಪನೀಸ್ ಹೌಸ್ ವೆಬ್‌ಸೈಟಿನಲ್ಲಿ ಲೆಕ್ಕಪತ್ರ ಪುಕ್ಕಟೆ ಸಿಗುತ್ತದೆ. ಮೊದಲು ಆದಾಯ ಮತ್ತು ಸಂಬಳ ಅಕ್ಕಪಕ್ಕ ಇಟ್ಟು ನೋಡಿ. ಆಮೇಲೆ ಮಾತೃಸಂಸ್ಥೆಗೆ ಎಷ್ಟು ಬಾಕಿ ಇದೆ ಅಂತ ಹುಡುಕಿ. ಕೊನೆಗೆ ಟಿಪ್ಪಣಿಗಳಲ್ಲಿ ‘ಮುಂದಿನ 12 ತಿಂಗಳು ಕ್ಲಬ್ ನಡೆಯಲು ಮಾಲೀಕರ ನೆರವು ಬೇಕು’ ಅನ್ನುವ ಅರ್ಥದ ಸಾಲು ಇದೆಯಾ ನೋಡಿ. ಆ ಸಾಲನ್ನು ನಿಧಾನವಾಗಿ ಓದಿ. ನೆರವಿನ ಭರವಸೆ ಬರಹದಲ್ಲಿದೆಯಾ, ಕೊಟ್ಟವರು ಯಾರು, ಲೆಕ್ಕ ಪರಿಶೋಧಕರು ಅದನ್ನು ನಂಬಿದ್ದಾರಾ ಅಥವಾ ಅನುಮಾನ ಬರೆದಿದ್ದಾರಾ ಅಂತ ಅಲ್ಲೇ ತಿಳಿಯುತ್ತದೆ. ಲೆಕ್ಕಪತ್ರವನ್ನು ಗಡುವಿನೊಳಗೆ ಸಲ್ಲಿಸದೆ ಇರುವುದೂ ಕೆಟ್ಟ ಸೂಚನೆಯೇ. ನಮ್ಮ ಕ್ಲಬ್‌ಗಳ ದಾಖಲೆ ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ ಸಣ್ಣ ಶುಲ್ಕಕ್ಕೆ ಸಿಗುತ್ತದೆ. ತಂಡದ ಹೆಸರು ಹಾಕಿ ಸಿಗದಿದ್ದರೆ ಅದನ್ನು ನಡೆಸುವ ಕಂಪನಿಯ ಹೆಸರು ಹಾಕಿ ಹುಡುಕಿ.