ಬೇರೆ ಬೇರೆ ತೂಕದ ಬಾಕ್ಸರ್‌ಗಳಲ್ಲಿ ಯಾರು ಮೇಲು ಎಂದು ಹೇಳುವುದು ಹೇಗೆ?

ಅಮೆರಿಕದ ಬಾಕ್ಸರ್ ಶುಗರ್ ರೇ ರಾಬಿನ್ಸನ್‌ನನ್ನು ಒಬ್ಬ ಒಳ್ಳೆಯ ಹೆವಿವೇಟ್ (ಎಲ್ಲಕ್ಕಿಂತ ಭಾರದ ವಿಭಾಗದ) ಬಾಕ್ಸರ್ ಹೊಡೆದುರುಳಿಸಬಹುದಿತ್ತು, ಹಾಗಿದ್ದೂ ‘ಪೌಂಡ್ ಫಾರ್ ಪೌಂಡ್’ ಲೆಕ್ಕದಲ್ಲಿ, ಅಂದರೆ ತೂಕದ ವ್ಯತ್ಯಾಸವನ್ನು ಪಕ್ಕಕ್ಕಿಟ್ಟು ನೋಡಿದರೆ, ಅವನೇ ಎಲ್ಲರಿಗಿಂತ ಮೇಲು ಎನ್ನುವುದು ಬರೀ ಅಭಿಮಾನದ ಮಾತಲ್ಲವೇ ಎಂದು ಕೇಳಿದ್ದೀರಿ. ಅಭಿಮಾನ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಬರೀ ಅದಷ್ಟೇ ಅಲ್ಲ.

ನಾನು ಬಾಕ್ಸರ್ ಅಲ್ಲ. ಹುಡುಗನಾಗಿದ್ದಾಗ ನಾಲ್ಕು ವರ್ಷ ಗರಡಿಯ ಕೆಮ್ಮಣ್ಣಿನಲ್ಲಿ ಹೊರಳಿದವನು. ಆಗ ನನ್ನ ತೂಕ 57 ಕೆ.ಜಿ. ಒಮ್ಮೆ ಉಸ್ತಾದರು ಎಂಬತ್ತು ದಾಟಿದ ಒಬ್ಬನ ಜೊತೆ ನನ್ನನ್ನು ಅಖಾಡಕ್ಕೆ ಬಿಟ್ಟರು. ಅವನಿಗೆ ಪಟ್ಟುಗಳು ಅಷ್ಟಕ್ಕಷ್ಟೇ. ಎರಡು ಸಲ ಅವನ ಕಾಲು ನನ್ನ ಕೈಗೆ ಸಿಕ್ಕಿತ್ತು ಕೂಡ. ಆಮೇಲೆ ಅವನು ಅಂಗೈಯನ್ನು ನನ್ನ ಕತ್ತಿನ ಹಿಂದೆ ಇಟ್ಟು ಸುಮ್ಮನೆ ಒರಗಿದ. ಎಳೆಯಲಿಲ್ಲ, ತಳ್ಳಲಿಲ್ಲ, ಒರಗಿದ ಅಷ್ಟೆ. ಸ್ವಲ್ಪ ಹೊತ್ತಿಗೇ ನನ್ನ ತೊಡೆ ನಡುಗತೊಡಗಿತು. ಇನ್ನೂ ಸ್ವಲ್ಪ ಹೊತ್ತಿಗೆ ನಾನಾಗಿಯೇ ಮಂಡಿಯೂರಿದೆ. ಹೊರಗೆ ನಿಂತು ನೋಡಿದವರಿಗೆ ಅವನು ಏನಾದರೂ ಮಾಡಿದಂತೆಯೇ ಕಂಡಿರಲಿಕ್ಕಿಲ್ಲ.

ರಾಬಿನ್ಸನ್‌ನ ಒಂದು ಸೋಲಿನ ಬಗ್ಗೆ ಓದುವಾಗಲೆಲ್ಲ ನನಗೆ ಆ ಅಂಗೈ ನೆನಪಾಗುತ್ತದೆ. 1952ರ ಜೂನ್ 25, ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಂ. ಮಿಡಲ್‌ವೇಟ್ ಚಾಂಪಿಯನ್ ಆಗಿದ್ದ ರಾಬಿನ್ಸನ್ ಮೇಲಿನ ವಿಭಾಗದ ಜೋಯಿ ಮ್ಯಾಕ್ಸಿಮ್‌ನ ಪಟ್ಟಕ್ಕೆ ಕೈ ಹಾಕಿದ್ದ. ಇಬ್ಬರ ನಡುವೆ ಸುಮಾರು ಏಳು ಕೆ.ಜಿ. ಅಂತರ. ದೀಪಗಳ ಕೆಳಗೆ ಸೆಕೆ ಎಷ್ಟಿತ್ತೆಂದರೆ ಹತ್ತನೇ ಸುತ್ತಿನ ನಂತರ ರೆಫರಿಯೇ ಕುಸಿದು, ಬೇರೊಬ್ಬರು ಬರಬೇಕಾಯಿತು. ಅಂಕಗಳಲ್ಲಿ ರಾಬಿನ್ಸನ್ ಸಲೀಸಾಗಿ ಮುಂದಿದ್ದ. ಹದಿಮೂರನೇ ಸುತ್ತು ಮುಗಿದು ಸ್ಟೂಲಿನ ಮೇಲೆ ಕುಳಿತವನು ಮತ್ತೆ ಏಳಲಿಲ್ಲ. ಅವನನ್ನು ಸೋಲಿಸಿದ್ದು ಸೆಕೆ ಎಂದು ಇಂದಿಗೂ ಹೇಳುತ್ತಾರೆ. ಅದೇ ಸೆಕೆಯಲ್ಲಿ ಮ್ಯಾಕ್ಸಿಮ್ ಕೂಡ ನಿಂತಿದ್ದನಲ್ಲ! ಹತ್ತಿರ ಬಂದಾಗಲೆಲ್ಲ ಆ ಏಳು ಕೆ.ಜಿ.ಯನ್ನು ತಡೆದು ನಿಲ್ಲಿಸುವುದಕ್ಕೆ ರಾಬಿನ್ಸನ್ ತೆತ್ತದ್ದೇನು ಎಂಬುದು ಯಾವ ಅಂಕಪಟ್ಟಿಯಲ್ಲೂ ಬರುವುದಿಲ್ಲ.

ಹಾಗಾದರೆ ಸಾಧನೆಯನ್ನು ತೂಕದಿಂದ ಭಾಗಿಸಿದರೆ ಆಯಿತೇ? ಅದೂ ಮೋಸದ ಲೆಕ್ಕ. ಭಾರ ಎತ್ತುವವರನ್ನು ನೋಡಿ. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ 60 ಕೆ.ಜಿ. ವಿಭಾಗದ ನಯೀಮ್ ಸುಲೇಮಾನೊಗ್ಲು 190 ಕೆ.ಜಿ.ಯನ್ನು ತಲೆಯ ಮೇಲೆ ಎತ್ತಿ ಹಿಡಿದ, ತನ್ನ ತೂಕದ ಮೂರು ಪಟ್ಟಿಗೂ ಹೆಚ್ಚು. ಅದೇ ವರ್ಷ 266 ಕೆ.ಜಿ. ಎತ್ತಿದ ಸೋವಿಯತ್ ಒಕ್ಕೂಟದ ದೈತ್ಯ ಲಿಯೊನಿಡ್ ತರನೆಂಕೊ ತನ್ನ ತೂಕದ ಎರಡು ಪಟ್ಟನ್ನೂ ಎತ್ತಿದಂತಾಗಲಿಲ್ಲ. ಮೈ ಬೆಳೆದಷ್ಟು ಬಲ ಬೆಳೆಯುವುದಿಲ್ಲ. ಬಲ ಇರುವುದು ಸ್ನಾಯುವಿನ ದಪ್ಪದಲ್ಲಿ, ತೂಕವೋ ಇಡೀ ದೇಹದ್ದು. ಆದ್ದರಿಂದ ಬರೀ ಭಾಗಾಕಾರ ಮಾಡಿದರೆ ಸಣ್ಣವನೇ ಯಾವಾಗಲೂ ಗೆಲ್ಲುತ್ತಾನೆ. ಭಾರ ಎತ್ತುವವರು ಇದಕ್ಕೆ ಸೂತ್ರ ಮಾಡಿಕೊಂಡಿದ್ದಾರೆ, ಏಕೆಂದರೆ ಕಬ್ಬಿಣ ತಿರುಗಿ ಹೊಡೆಯುವುದಿಲ್ಲ. ಬಾಕ್ಸಿಂಗಿಗೆ ಅಂಥ ಸೂತ್ರವಿಲ್ಲ.

ನಾನು ನೋಡುವುದು ಒಂದನ್ನೇ: ತನ್ನ ತೂಕ ಬಿಟ್ಟು ಮೇಲೆ ಹೋದಾಗ ಆಟಗಾರನ ಕಸುಬಿನಲ್ಲಿ ಎಷ್ಟು ಉಳಿಯಿತು? ಟೆರೆನ್ಸ್ ಕ್ರಾಫರ್ಡ್ 2025ರ ಸೆಪ್ಟೆಂಬರಿನಲ್ಲಿ 154 ಪೌಂಡಿನ (ಸುಮಾರು 70 ಕೆ.ಜಿ.) ವಿಭಾಗದಿಂದ 168ಕ್ಕೆ (ಸುಮಾರು 76 ಕೆ.ಜಿ.) ಏರಿ ಕನೆಲೊ ಅಲ್ವಾರೆಜ್‌ನನ್ನು ಅಂಕಗಳ ಮೇಲೆ ಸೋಲಿಸಿದ. ಇದು ಬಾಯಿಮಾತಲ್ಲ, ಸಾಕ್ಷಿ. ಮ್ಯಾನಿ ಪಕಿಯಾವೊ 112 ಪೌಂಡಿನಲ್ಲಿ (ಸುಮಾರು 51 ಕೆ.ಜಿ.) ಮೊದಲ ವಿಶ್ವಪಟ್ಟ ಗೆದ್ದು, 2010ರಲ್ಲಿ 154ರ ಪಟ್ಟವನ್ನೂ ಗೆದ್ದ. ಅಲ್ಲಿ ಮಾತ್ರ ಸ್ವಲ್ಪ ಎಚ್ಚರ ಬೇಕು: ಪಟ್ಟ 154ರದ್ದಾದರೂ ಅವನೂ ಎದುರಾಳಿಯೂ ಒಪ್ಪಿಕೊಂಡಿದ್ದ ತೂಕದ ಮಿತಿ 150. ಇಂಥ ಒಪ್ಪಂದಗಳನ್ನು ನೋಡದೆ ಬರೀ ಪಟ್ಟಗಳನ್ನು ಎಣಿಸಬೇಡಿ.

ನಮ್ಮವರಲ್ಲಿ ನನ್ನ ಉದಾಹರಣೆ ಮೇರಿ ಕೋಮ್. 2012ರ ಹೊತ್ತಿಗೆ ಅವರು ಐದು ಸಲ ವಿಶ್ವ ಚಾಂಪಿಯನ್, ಐದೂ 48 ಕೆ.ಜಿ. ಅಥವಾ ಅದಕ್ಕಿಂತ ಕೆಳಗಿನ ವಿಭಾಗಗಳಲ್ಲಿ. ಲಂಡನ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ ಇದ್ದದ್ದು 51, 60, 75 ಎಂಬ ಮೂರೇ ವಿಭಾಗ. ಎಂಬತ್ತು ಕೆ.ಜಿ. ಪೈಲ್ವಾನನಿಗೆ ಮೂರು ಕೆ.ಜಿ. ಎಂದರೆ ಹಬ್ಬದ ಎರಡು ಊಟ. 48ರವರಿಗೆ ಅದು ಮೈಯ ಹದಿನಾರನೇ ಒಂದು ಪಾಲು. ಸೆಮಿಫೈನಲ್‌ನಲ್ಲಿ ತಮಗಿಂತ ಎತ್ತರದ ನಿಕೋಲಾ ಆಡಮ್ಸ್‌ಗೆ 6-11ರಿಂದ ಸೋತು ಕಂಚು ತಂದರು. ಎರಡು ವರ್ಷದ ನಂತರ ಇಂಚಿಯಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಅದೇ 51 ಕೆ.ಜಿ.ಯಲ್ಲಿ ಚಿನ್ನ. ನನ್ನ ಲೆಕ್ಕದಲ್ಲಿ ಲಂಡನ್ನಿನ ಆ ಕಂಚು ಅವರ ಕೆಲವು ವಿಶ್ವ ಚಿನ್ನಗಳಿಗಿಂತ ಭಾರ.

ಈ ಅಳತೆಯಲ್ಲಿ ಒಂದು ಅನ್ಯಾಯವಿದೆ, ನೀವು ಹೇಳುವ ಮೊದಲೇ ಒಪ್ಪಿಕೊಳ್ಳುತ್ತೇನೆ. ಹೆವಿವೇಟ್‌ನವನಿಗೆ ಹತ್ತಲು ಮೇಲೆ ಮೆಟ್ಟಿಲೇ ಇಲ್ಲ. ಕೆಳಗಿನ ಕ್ರೂಸರ್‌ವೇಟ್‌ನಿಂದ ಬಂದ ಒಲೆಕ್ಸಾಂಡರ್ ಉಸಿಕ್ 2024ರಲ್ಲಿ ತನಗಿಂತ ಹದಿನೈದು ಕೆ.ಜಿ.ಗೂ ಹೆಚ್ಚು ತೂಗುವ ಟೈಸನ್ ಫ್ಯೂರಿಯನ್ನು ಸೋಲಿಸಿದ್ದರಿಂದ ಅವನಿಗೆ ನನ್ನ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಹುಟ್ಟಾ ದೈತ್ಯನಾದ ಫ್ಯೂರಿಯನ್ನು ಎಲ್ಲಿ ಕೂರಿಸಬೇಕೆಂದು ಇನ್ನೂ ತೋಚಿಲ್ಲ.