ವಿಮಾನಗಳು ಆಗಾಗ ಮಾಯ!

ಪ್ರಶ್ನೆ: ರಾಸ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರಿಗೆ ಡಾಂಗಲ್ (ಯುಎಸ್‌ಬಿ ರೇಡಿಯೊ ರಿಸೀವರ್) ಹಾಕಿ, ವಿಮಾನಗಳು ತಾವಿರುವ ಜಾಗ ತಿಳಿಸಲು ಕಳಿಸುವ 1090 ಮೆಗಾಹರ್ಟ್ಜ್ ಸಿಗ್ನಲ್ ಹಿಡಿದು ಟ್ರ್ಯಾಕಿಂಗ್ ಸೈಟಿಗೆ ಕಳಿಸುತ್ತೇನೆ. ಆಗಾಗ ಡೇಟಾ ನಿಂತುಬಿಡುತ್ತದೆ, ರೀಬೂಟ್ ಮಾಡಿದರೆ ಸರಿ. ಆಂಟೆನಾ ಬದಲಿಸಲೇ?

ಉತ್ತರ: ಬೇಡ. ಆಂಟೆನಾ ಕೆಟ್ಟಿದ್ದರೆ ರೀಬೂಟ್‌ಗೆ ಸರಿಹೋಗುತ್ತಿರಲಿಲ್ಲ, ಅಲ್ವಾ? ಮುಂದಿನ ಸಲ ನಿಂತಾಗ ತಕ್ಷಣ ರೀಬೂಟ್ ಮಾಡದೆ ಪೈನಲ್ಲೇ ಇರುವ ಲೋಕಲ್ ಮ್ಯಾಪ್ ತೆರೆದು ನೋಡಿ. ಅಲ್ಲಿ ವಿಮಾನಗಳು ಓಡಾಡುತ್ತಿದ್ದರೆ ರಿಸೀವರ್ ಚೆನ್ನಾಗಿದೆ, ಹೆಚ್ಚಾಗಿ ವೈಫೈ ಕಾಟ. ಲ್ಯಾನ್ ಕೇಬಲ್ ಹಾಕಿಬಿಡಿ. ಮ್ಯಾಪೂ ಖಾಲಿಯಿದ್ದರೆ ನನ್ನ ಅನುಮಾನ ಚಾರ್ಜರ್ ಮೇಲೆ. ಪೈ 4ಕ್ಕೆ 5.1 ವೋಲ್ಟ್, 3 ಆಂಪಿಯರ್ ಬೇಕು, ಮನೆಯಲ್ಲಿ ಬಿದ್ದಿರುವ ಹಳೇ ಮೊಬೈಲ್ ಚಾರ್ಜರ್ ಸಾಲದು. ವೋಲ್ಟೇಜ್ ಕುಸಿದಾಗ ಡಾಂಗಲ್ ಸಂಪರ್ಕ ತಪ್ಪಬಹುದು, ಪೈನ ಲಾಗ್‌ನಲ್ಲಿ (ಅದು ಬರೆದಿಡುವ ಘಟನೆಗಳ ಪಟ್ಟಿ) 'ಅಂಡರ್‌ವೋಲ್ಟೇಜ್' ಎಂಬ ಸಾಲು ಸಿಗುತ್ತದೆ. ಡಾಂಗಲ್ ಜಾಸ್ತಿ ಬಿಸಿಯಾಗುತ್ತಿದ್ದರೆ ಗಿಡ್ಡ ಎಕ್ಸ್‌ಟೆನ್ಶನ್ ಕೇಬಲ್ ಹಾಕಿ ಪೈನಿಂದ ಸ್ವಲ್ಪ ದೂರ ಇಡಿ.