ಹೊಸ ಟೂಲ್‌ಗಳ ಹಿಂದೆ ಎಷ್ಟು ಓಡಲಿ?

ಪ್ರಶ್ನೆ: ನನಗೆ 36 ವರ್ಷ. 12 ವರ್ಷದಿಂದ ಜಾವಾ ಡೆವಲಪರ್ ಆಗಿದ್ದೇನೆ. ತಿಂಗಳಿಗೊಂದು ಹೊಸ ಟೂಲ್ ಬರುತ್ತದೆ. ದುಡ್ಡು ಕೊಟ್ಟು ತಗೊಂಡ ಐದು ಕೋರ್ಸ್‌ಗಳು ಅರ್ಧಕ್ಕೇ ನಿಂತಿವೆ. ಈಗ ಎಐ ಬೇರೆ ಕೋಡ್ ಬರೆಯುತ್ತಿದೆ. ತಂಡದ ಹೊಸ ಹುಡುಗರು ಅದನ್ನು ಬಳಸಿ ನನಗಿಂತ ಬೇಗ ಕೆಲಸ ಮುಗಿಸುತ್ತಾರೆ. ಇನ್ನೂ ಹತ್ತು ವರ್ಷ ಈ ಕೆಲಸದಲ್ಲಿ ಉಳಿಯಬೇಕೆಂದರೆ ಏನು ಕಲಿಯಲಿ?
— ಓದುಗರು, ಬೆಂಗಳೂರು

ಉತ್ತರ: ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಆದರೆ ನಿಮ್ಮ ಪತ್ರದಲ್ಲಿ ಐದು ಕೋರ್ಸ್‌ಗಳ ಮಾತಿದೆ, ದಿನಾ ಎಂಟು ಗಂಟೆ ಮಾಡುವ ಕೆಲಸದ ಮಾತೇ ಇಲ್ಲ. ನಿಮಗೆ ಬೇಕಾದ ಕಲಿಕೆಯ ಬಹುಪಾಲು ಅಲ್ಲೇ ಇದೆ ಎಂದು ನಾನು ನಂಬುತ್ತೇನೆ.

ಮೊದಲು ಟೂಲ್‌ಗಳ ಆಯಸ್ಸು ನೋಡಿ. ವೆಬ್ ಆ್ಯಪ್ ಕಟ್ಟಲು ಬಳಸುತ್ತಿದ್ದ ಗೂಗಲ್‌ನ ಆಂಗುಲರ್‌ಜೆಎಸ್ 2010ರಲ್ಲಿ ಬಂತು. ಒಂದು ಕಾಲಕ್ಕೆ ಕೆಲಸದ ಜಾಹೀರಾತುಗಳ ತುಂಬ ಅದರದೇ ಹೆಸರು. 2021ರ ಕೊನೆಗೆ ಗೂಗಲ್ ಅದಕ್ಕೆ ಬೆಂಬಲ ನಿಲ್ಲಿಸಿತು. ಬ್ರೌಸರ್‌ನಲ್ಲಿ ಅನಿಮೇಶನ್, ವಿಡಿಯೋ ತೋರಿಸುತ್ತಿದ್ದ ಫ್ಲ್ಯಾಶ್ ಕಥೆ 2020ರ ಡಿಸೆಂಬರ್ 31ಕ್ಕೆ ಮುಗಿಯಿತು. ಡೇಟಾಬೇಸ್ ಜೊತೆ ಮಾತಾಡುವ ಭಾಷೆ ಎಸ್‌ಕ್ಯೂಎಲ್ ಹುಟ್ಟಿದ್ದು 1970ರ ದಶಕದಲ್ಲಿ, ಐಬಿಎಂನಲ್ಲಿ. ಇವತ್ತಿಗೂ ನಾವು ಅದನ್ನೇ ಬರೆಯುತ್ತಿದ್ದೇವೆ. ನಿಮ್ಮ ಜಾವಾ 1995ರದ್ದು. ಡೇಟಾಬೇಸ್, ನೆಟ್‌ವರ್ಕ್, ಆಪರೇಟಿಂಗ್ ಸಿಸ್ಟಮ್ ಹೇಗೆ ಕೆಲಸ ಮಾಡುತ್ತವೆ, ಅಕ್ಷರಗಳನ್ನು ಕಂಪ್ಯೂಟರ್ ಹೇಗೆ ಇಟ್ಟುಕೊಳ್ಳುತ್ತದೆ ಎಂಬಂಥ ತಳದ ವಿಷಯಗಳಿಗೆ ಆಯಸ್ಸು ಜಾಸ್ತಿ. ಇವನ್ನು ಕಲಿಯಲು ಬೇರೆ ಸಮಯ ಹುಡುಕಬೇಕಿಲ್ಲ. ಕೈಯಲ್ಲಿರುವ ಟಿಕೆಟ್ಟೇ, ಅಂದರೆ ನಿಮಗೆ ಒಪ್ಪಿಸಿದ ಕೆಲಸವೇ, ಕಲಿಸುತ್ತದೆ. ಅದಕ್ಕೆ ಒಂದು ಅಭ್ಯಾಸ ಬೇಕು. ಸರಿಹೋಯಿತು ಅಂತ ಟಿಕೆಟ್ ಮುಚ್ಚಬೇಡಿ. ಯಾಕೆ ಸರಿಹೋಯಿತು ಅಂತ ಗೊತ್ತಾದ ಮೇಲೆ ಮುಚ್ಚಿ.

ಒಂದು ಉದಾಹರಣೆ ಹೇಳುತ್ತೇನೆ. ಗ್ರಾಹಕರಿಗೆ ಇಂಗ್ಲಿಷಿನಲ್ಲಿ ಹೋಗುತ್ತಿದ್ದ ಎಸ್ಸೆಮ್ಮೆಸ್ಸನ್ನು ನಿಮ್ಮ ತಂಡ ಕನ್ನಡಕ್ಕೆ ಬದಲಿಸಿತು ಎಂದುಕೊಳ್ಳಿ. ಮುಂದಿನ ತಿಂಗಳು ಎಸ್ಸೆಮ್ಮೆಸ್ ಬಿಲ್ ಎರಡು ಪಟ್ಟು ಬಂತು. ಮೆಸೇಜ್ ಚಿಕ್ಕದು ಮಾಡಿ ಟಿಕೆಟ್ ಮುಚ್ಚಬಹುದು. ಬಿಲ್ ಇಳಿಯುತ್ತದೆ ಕೂಡ. ಆದರೆ ಅರ್ಧ ಗಂಟೆ ಕೂತು ಕಾರಣ ಹುಡುಕಿ ನೋಡಿ. ಒಂದು ಎಸ್ಸೆಮ್ಮೆಸ್‌ನಲ್ಲಿ ಹಿಡಿಸುವುದು 140 ಬೈಟ್, ಅಂದರೆ 1120 ಬಿಟ್. ಇಂಗ್ಲಿಷ್ ಅಕ್ಷರಕ್ಕೆ 7 ಬಿಟ್ ಸಾಕು, ಹಾಗಾಗಿ 160 ಅಕ್ಷರ ಹಿಡಿಯುತ್ತವೆ. 7 ಬಿಟ್‌ನ ಆ ಸಾಮಾನ್ಯ ಅಕ್ಷರಪಟ್ಟಿಯಲ್ಲಿ ಕನ್ನಡ ಇಲ್ಲ. ಕನ್ನಡದ ಒಂದೊಂದು ಸಂಕೇತಕ್ಕೂ 16 ಬಿಟ್ ಬೇಕು. ಲೆಕ್ಕ 70ಕ್ಕೆ ಇಳಿಯುತ್ತದೆ. ಅದನ್ನು ದಾಟಿದರೆ ಮೆಸೇಜ್ ತುಂಡಾಗುತ್ತದೆ, ತುಂಡು ತುಂಡಿಗೂ ದುಡ್ಡು. ಇನ್ನೂ ಒಂದು ವಿಷಯ ಸಿಗುತ್ತದೆ. ‘ಕ್ಷಮಿಸಿ’ ನಮ್ಮ ಕಣ್ಣಿಗೆ ಮೂರೇ ಅಕ್ಷರ. ಅಕ್ಷರ, ಗುಣಿತದ ಗುರುತು ಎಲ್ಲಕ್ಕೂ ಬೇರೆ ಬೇರೆ ಸಂಕೇತ ಕೊಡುವ ಯೂನಿಕೋಡ್ ಲೆಕ್ಕದಲ್ಲಿ ಏಳು. ಅದನ್ನೇ ಯುಟಿಎಫ್-8ರಲ್ಲಿ (ಆ ಸಂಕೇತಗಳನ್ನು ಬೈಟ್‌ಗಳಾಗಿ ಬರೆಯುವ ಒಂದು ವಿಧಾನ) ಉಳಿಸಿದರೆ 21 ಬೈಟ್. ಡೇಟಾಬೇಸ್‌ನಲ್ಲಿ ಹೆಸರು ಅರ್ಧಕ್ಕೆ ಕತ್ತರಿಸಿಹೋಗುವ ಬಗ್ ನಾಳೆ ಬಂದರೆ ಎಲ್ಲಿ ನೋಡಬೇಕು ಅಂತ ನಿಮಗೆ ಆಗಲೇ ಗೊತ್ತಿರುತ್ತದೆ. ಯಾವ ಭಾಷೆ, ಯಾವ ಫ್ರೇಮ್‌ವರ್ಕ್‌ಗೆ ಹೋದರೂ ಈ ತಿಳಿವಳಿಕೆ ಜೊತೆಗೆ ಬರುತ್ತದೆ.

ಇದನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಒಂದು ಬಗ್‌ಗೆ ನಾಲ್ಕು ಸಾಲು ಸಾಕು. ಏನಾಗುತ್ತಿತ್ತು, ನಾನು ಏನು ಅಂದುಕೊಂಡೆ, ನಿಜವಾದ ಕಾರಣ ಏನು, ಅದು ಹೇಗೆ ಗೊತ್ತಾಯಿತು. ಇದರಲ್ಲಿ ಎರಡನೇ ಸಾಲು ತುಂಬಾ ಮುಖ್ಯ. ಅದನ್ನು ಕಾರಣ ಗೊತ್ತಾಗುವ ಮುಂಚೆಯೇ ಬರೆಯಬೇಕು. ಹಿಂದೊಮ್ಮೆ ಒಂದು ರಿಪೋರ್ಟ್ ತುಂಬಾ ನಿಧಾನವಾಗಿ ಬರುತ್ತಿತ್ತು. ಕ್ಯಾಶ್ (ಒಮ್ಮೆ ತೆಗೆದ ಉತ್ತರವನ್ನು ಮತ್ತೆ ಬಳಸಲು ಇಟ್ಟುಕೊಳ್ಳುವ ವ್ಯವಸ್ಥೆ) ಹಾಕಿದರೆ ಸರಿಹೋಗುತ್ತದೆ ಎಂದು ನಾನು ಮೂರು ದಿನ ಅದರಲ್ಲೇ ಕಳೆದೆ. ಕಾರಣ ಇದ್ದದ್ದು ಡೇಟಾಬೇಸ್‌ಗೆ ಕೇಳುವ ಕ್ವೆರಿಯ ಒಂದು ಸಾಲಿನಲ್ಲಿ. ದಿನಾಂಕದ ಕಾಲಮ್‌ಗೆ ಫಂಕ್ಷನ್ ಸುತ್ತಿದ್ದರಿಂದ ಡೇಟಾಬೇಸ್ ಇಂಡೆಕ್ಸನ್ನು, ಅಂದರೆ ಬೇಗ ಹುಡುಕಲು ಇಟ್ಟ ಸೂಚಿಯನ್ನು, ಬಳಸುತ್ತಲೇ ಇರಲಿಲ್ಲ. ಕ್ವೆರಿ ಹೇಗೆ ಓಡುತ್ತದೆ ಎಂದು ತೋರಿಸುವ ಎಕ್ಸ್‌ಪ್ಲೇನ್ ಕೊಟ್ಟು ನೋಡಿದ್ದರೆ ಹತ್ತು ನಿಮಿಷದ ಕೆಲಸ. ಆಮೇಲೆ ನೋಟ್‌ಬುಕ್ ತಿರುವಿ ಹಾಕಿದಾಗ ಗೊತ್ತಾಯಿತು, ಅಳತೆ ಮಾಡದೆ ಊಹಿಸುವುದು ನನ್ನ ಹಳೆಯ ಅಭ್ಯಾಸ. ಈ ಮಾತನ್ನು ಯಾವ ಕೋರ್ಸೂ ನನಗೆ ಹೇಳಿರಲಿಲ್ಲ.

ಇನ್ನು ಎಐ ವಿಷಯ. ಬಳಸಿ, ಧಾರಾಳವಾಗಿ ಬಳಸಿ. ಆದರೆ ಮೊದಲು ನಿಮ್ಮ ಊಹೆಯನ್ನು ಎರಡು ಸಾಲು ಬರೆದುಕೊಂಡು ಆಮೇಲೆ ಕೇಳಿ. ಪಕ್ಕದಲ್ಲಿ ಕೂತವರಿಗೆ ಸಾಲು ಸಾಲಾಗಿ ವಿವರಿಸಲು ಬಾರದ ಕೋಡನ್ನು ಮರ್ಜ್ ಮಾಡಬೇಡಿ, ಅಂದರೆ ತಂಡದ ಕೋಡಿಗೆ ಸೇರಿಸಬೇಡಿ. ಹೊಸ ಹುಡುಗರು ಬೇಗ ಮುಗಿಸುತ್ತಾರೆ ಅಂದಿರಿ. ಮುಗಿಸಲಿ ಬಿಡಿ. ಅವರ ಕೋಡ್ ರಿವ್ಯೂ ಮಾಡುವಾಗ ನಿಮ್ಮ 12 ವರ್ಷ ಕೆಲಸಕ್ಕೆ ಬರುತ್ತದೆ. ಉದಾಹರಣೆಗೆ, ಯುಪಿಐನಲ್ಲಿ ದುಡ್ಡು ಕಟ್ಟಿದೆವು, ಸ್ಕ್ರೀನಿನಲ್ಲಿ ಚಕ್ರ ತಿರುಗುತ್ತಲೇ ಇದೆ, ಉತ್ತರ ಬರಲಿಲ್ಲ. ಆಗ ಪ್ರೋಗ್ರಾಮ್ ಮತ್ತೆ ಪ್ರಯತ್ನಿಸಿದರೆ ಗ್ರಾಹಕರ ದುಡ್ಡು ಎರಡು ಸಲ ಹೋಗುತ್ತದಾ? ಎಲ್ಲ ಸರಿಯಾಗಿ ನಡೆದಾಗ ಓಡುವ ಕೋಡನ್ನು ಎಐ ಚೆನ್ನಾಗಿ ಬರೆದುಕೊಡುತ್ತದೆ. ಈ ಪ್ರಶ್ನೆಯನ್ನು ನಾವು ಕೇಳದಿದ್ದರೆ ಅದು ಎಷ್ಟೋ ಸಲ ತಾನಾಗಿ ಎತ್ತುವುದಿಲ್ಲ. ಇದನ್ನು ಕೇಳುವವರಿಗೆ ತಂಡದಲ್ಲಿ ಯಾವಾಗಲೂ ಜಾಗ ಇರುತ್ತದೆ.

ಐದು ಕೋರ್ಸ್‌ಗಳಲ್ಲಿ ಈಗಿನ ಪ್ರಾಜೆಕ್ಟ್‌ಗೆ ಹತ್ತಿರದ ಒಂದನ್ನು ಮುಗಿಸಿ. ಉಳಿದ ನಾಲ್ಕನ್ನು ಬಿಟ್ಟುಬಿಡಿ, ಬೇಜಾರು ಬೇಡ.

ಪ್ರಶ್ನೆ: ಬೆಳಿಗ್ಗೆ ಸ್ಟ್ಯಾಂಡಪ್ (ತಂಡದ ದಿನದ ಚಿಕ್ಕ ಮೀಟಿಂಗ್), ಮಧ್ಯಾಹ್ನ ಎರಡು ಮೀಟಿಂಗ್, ನಡುವೆ ಚಾಟ್. ಸಂಜೆಯ ಮೇಲೆ ಕ್ಯಾಲಿಫೋರ್ನಿಯಾ ತಂಡದ ಜೊತೆ ಕಾಲ್. ಮಗು ಮಲಗಿದ ಮೇಲೆ, ರಾತ್ರಿ ಹತ್ತಕ್ಕೆ ನನ್ನ ಕೋಡಿಂಗ್ ಶುರು. ಹೀಗೇ ಆದರೆ ಎಷ್ಟು ದಿನ?
— ಓದುಗರು, ಮೈಸೂರು

ಉತ್ತರ: ರಾತ್ರಿ ಹತ್ತರ ಆ ಕೆಲಸ ಮೊದಲು ನಿಲ್ಲಬೇಕು. ನಿದ್ದೆಗೆಟ್ಟು ಬರೆದ ಕೋಡಿನ ಬಗ್ ಹುಡುಕಲು ಮಾರನೇ ದಿನ ಎಷ್ಟೋ ಸಲ ಅದಕ್ಕಿಂತ ಜಾಸ್ತಿ ಸಮಯ ಹೋಗುತ್ತದೆ. ಮಗುವಿನ ಜೊತೆಗಿನ ಸಮಯವೂ ವಾಪಸ್ ಬರುವುದಿಲ್ಲ.

ಮ್ಯಾನೇಜರ್ ಹತ್ತಿರ ಬರೀ ದೂರು ತಗೊಂಡು ಹೋಗಬೇಡಿ, ಲೆಕ್ಕ ತಗೊಂಡು ಹೋಗಿ. ಒಂದು ವಾರ ಯಾವ ಮೀಟಿಂಗ್‌ಗೆ ಎಷ್ಟು ಹೊತ್ತು ಹೋಯಿತು, ಅದರಲ್ಲಿ ನೀವು ಎಷ್ಟು ಸಲ ಮಾತಾಡಿದಿರಿ ಅಂತ ಬರೆದಿಡಿ. ಅದನ್ನು ತೋರಿಸಿ ವಾರಕ್ಕೆ ಎರಡು ಬೆಳಿಗ್ಗೆ ಕೇಳಿ. ಹತ್ತರಿಂದ ಒಂದು ಗಂಟೆವರೆಗೆ ಮೀಟಿಂಗ್ ಇಲ್ಲ, ಚಾಟ್ ಇಲ್ಲ. ಎರಡು ಸಿಕ್ಕರೂ ವಾರಕ್ಕೆ ಆರು ಗಂಟೆ ಆಯಿತು.

ಕ್ಯಾಲಿಫೋರ್ನಿಯಾ ನಮಗಿಂತ ಹನ್ನೆರಡೂವರೆ ಗಂಟೆ ಹಿಂದಿದೆ, ಚಳಿಗಾಲದಲ್ಲಿ ಹದಿಮೂರೂವರೆ. ಇಷ್ಟು ಅಂತರದಲ್ಲಿ ದಿನಾ ಕಾಲ್ ಮಾಡಿದರೆ ಯಾರಾದರೊಬ್ಬರ ಮನೆಯ ಸಮಯ ಹೋಗಲೇಬೇಕು. ಆರು ಗಂಟೆಗೆ ಹೊರಡುವ ಮುಂಚೆ ಏನು ಮುಗಿಯಿತು, ಎಲ್ಲಿ ಸಿಕ್ಕಿಕೊಂಡಿದ್ದೇನೆ, ನಿಮ್ಮಿಂದ ಏನು ಬೇಕು ಅಂತ ಬರೆದು ಕಳಿಸಿ. ಅವರು ಎದ್ದಾಗ ಓದುತ್ತಾರೆ. ಎರಡು ವಾರ ಬಿಡದೆ ಹೀಗೆ ಮಾಡಿ, ಆಮೇಲೆ ಕಾಲ್‌ಗಳನ್ನು ವಾರಕ್ಕೆ ಎರಡಕ್ಕೆ ಇಳಿಸಲು ಕೇಳಿ. ನಿಮ್ಮ ಬರಹ ಸ್ಪಷ್ಟವಾಗಿದ್ದರೆ ಒಪ್ಪದಿರಲು ಅವರಿಗೂ ಕಾರಣ ಸಿಗುವುದಿಲ್ಲ.

25 ನಿಮಿಷ ಕೆಲಸ, ಆಮೇಲೆ ಚಿಕ್ಕ ವಿರಾಮ ಎನ್ನುವ ಪೊಮೊಡೊರೊ ಟೈಮರ್ ಬಗ್ಗೆ ತುಂಬಾ ಜನ ಕೇಳುತ್ತಾರೆ. ಇಟಲಿಯ ಫ್ರಾನ್ಸೆಸ್ಕೊ ಚಿರಿಲ್ಲೊ ರೂಪಿಸಿದ ಪದ್ಧತಿ ಅದು. ಮುಂದೂಡುತ್ತಾ ಬಂದ ಕೆಲಸ ಶುರು ಮಾಡಲು ಒಳ್ಳೆಯದು. ಕಷ್ಟದ ಬಗ್ ತಲೆಯಲ್ಲಿ ಕೂತು ಇನ್ನೇನು ಎಳೆ ಸಿಗುತ್ತಿದೆ ಅನ್ನುವಾಗ ಗಂಟೆ ಹೊಡೆದರೆ ಕೆಡುಕೇ ಜಾಸ್ತಿ. ಅಂಥ ಹೊತ್ತಿನಲ್ಲಿ ಟೈಮರ್ ಆಫ್ ಮಾಡಿ. ಮಧ್ಯದಲ್ಲಿ ಏಳಲೇಬೇಕಾದರೆ ಮುಂದೆ ಏನು ಮಾಡಬೇಕಿತ್ತು ಅಂತ ಕೋಡಿನಲ್ಲೇ ಒಂದು ಸಾಲು ಬರೆದು ಏಳಿ.

ಪ್ರಶ್ನೆ: ನಾನು ಡಿಪ್ಲೊಮಾ ಮಾಡಿದ್ದೇನೆ. ಓದಿದ್ದು ಕನ್ನಡ ಮಾಧ್ಯಮದಲ್ಲಿ. ಮೊದಲ ಕೆಲಸ ಸಿಕ್ಕಿ ನಾಲ್ಕು ತಿಂಗಳಾಯಿತು. ಇಂಗ್ಲಿಷ್ ಡಾಕ್ಯುಮೆಂಟೇಶನ್ ಓದಲು ತುಂಬಾ ಹೊತ್ತು ಬೇಕು. ಗೊತ್ತಾಗದಿದ್ದರೂ ಕೇಳಲು ಹೆದರಿಕೆ.
— ಓದುಗರು, ಹುಬ್ಬಳ್ಳಿ

ಉತ್ತರ: ನಿಧಾನವಾಗಿ ಓದುವುದು ಈ ಕೆಲಸದಲ್ಲಿ ದೋಷವೇ ಅಲ್ಲ. ಎರರ್ ಮೆಸೇಜನ್ನು ಪೂರ್ತಿ ಓದದೆ ಸುಮ್ನೆ ಕಾಪಿ ಮಾಡಿ ಹುಡುಕುವವರೇ ಜಾಸ್ತಿ. ನೀವು ಪ್ರತಿ ಪದ ಓದಿ. ಕಡತದ ಹೆಸರು, ಸಾಲಿನ ನಂಬರ್ ಎಷ್ಟೋ ಸಲ ಅಲ್ಲೇ ಇರುತ್ತದೆ. ಮೇಲೆ ಹೇಳಿದ ನೋಟ್‌ಬುಕ್ ಕನ್ನಡದಲ್ಲೇ ಬರೆಯಿರಿ. ಯೋಚನೆ ಯಾವ ಭಾಷೆಯಲ್ಲಿ ಬರುತ್ತದೋ ಆ ಭಾಷೆಯಲ್ಲಿ ಬರೆದರೆ ಅರ್ಥವಾಗದ್ದು ಎಲ್ಲಿದೆ ಅಂತ ಬೇಗ ಕಾಣುತ್ತದೆ. ಹಳೆಯ ಕೋಡ್ ಯಾಕೆ ಹಾಗಿದೆ ಎಂದು ತಿಳಿಯಲು ಗಿಟ್‌ನ ಕಮಿಟ್ ಮೆಸೇಜ್‌ಗಳನ್ನು (ಕೋಡಿನ ಒಂದೊಂದು ಬದಲಾವಣೆಯ ಜೊತೆ ಬರೆದಿಟ್ಟ ಟಿಪ್ಪಣಿಗಳು) ದಿನಕ್ಕೆ ಹತ್ತು ಓದಿ. ಚಿಕ್ಕ ವಾಕ್ಯಗಳು, ನಿಮ್ಮದೇ ಪ್ರಾಜೆಕ್ಟಿನ ಮಾತು. ಕೆಲಸದ ಇಂಗ್ಲಿಷ್ ಅಲ್ಲೇ ಕೈಗೆ ಹತ್ತುತ್ತದೆ.

ಕೇಳುವುದಕ್ಕೆ ಒಂದು ಕ್ರಮ ಇಟ್ಟುಕೊಳ್ಳಿ. ಅರ್ಧ ಗಂಟೆ ನೀವೇ ಪ್ರಯತ್ನಿಸಿ. ಆಮೇಲೆ ಏನು ಮಾಡಲು ಹೊರಟಿದ್ದೆ, ಏನೇನು ಮಾಡಿ ನೋಡಿದೆ, ಏನಾಯಿತು ಅಂತ ಮೂರು ಸಾಲು ಬರೆದು ಸೀನಿಯರ್‌ಗೆ ಕಳಿಸಿ. ವ್ಯಾಕರಣ ತಪ್ಪಿದ್ದರೆ ಇರಲಿ. ಹೀಗೆ ಬರೆಯುವಾಗಲೇ ಎಷ್ಟೋ ಸಲ ಉತ್ತರ ಹೊಳೆಯುತ್ತದೆ, ನನಗೆ ಇವತ್ತಿಗೂ ಹಾಗೆ ಆಗುತ್ತದೆ. ಹೊಳೆಯದಿದ್ದರೆ ಕಳಿಸಿ. ಅರ್ಧ ಗಂಟೆ ಮುಗಿದ ಮೇಲೆ ಇನ್ನೂ ಕಾಯಬೇಡಿ.